ಮೂವತ್ತಾರು ಮೆಷಿನ್, ಒಂದು ‘ಬುಡು’

‘ತಾನಾಗೇ ಆಗುತ್ತೆ ಸರ್, ನೀವು ಒಂದು ಕೀ ಒತ್ತಿ ಕೂತ್ಕೊಳ್ಳಿ’ ಎಂದು ಕಂಪ್ಯೂಟರ್ ಪೂರೈಸಿದವರು ಹೇಳಿದಾಗ ನಾನು ತಕ್ಷಣ ಕೇಳಬೇಕಿತ್ತು: ತಾನಾಗೇ ಎಂದರೆ ಯಾರು? ಕರ್ತೃವೇ ಇಲ್ಲದ ಇಂಥ ವಾಕ್ಯವನ್ನು ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಆಡಿದ್ದರೆ ಎರಡೇ ನಿಮಿಷದಲ್ಲಿ ಬಿಚ್ಚಿ ಹರವುತ್ತಿದ್ದೆ. ಅವತ್ತು ಕೇಳಲಿಲ್ಲ. ತಲೆಯಾಡಿಸಿ ಆಪರೇಟಿಂಗ್ ಸಿಸ್ಟಮ್‌ನ ಸಿ.ಡಿ. ಇಸಕೊಂಡೆ. ಆ ‘ತಾನು’ ನಾನೇ ಎಂದು ಮುಂದಿನ ಐದು ದಿನಗಳಲ್ಲಿ ಗೊತ್ತಾಯಿತು.

ತಿಪಟೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ನಾನು ಇನ್‌ಸ್ಟ್ರಕ್ಟರ್. ಮೊಬೈಲಿಗೆ ಬರುವ ಕರೆಗೂ ದುಡ್ಡು ಕೊಡುವುದು ಆಗಷ್ಟೇ ತಪ್ಪಿದ್ದ ಕಾಲ. ಲ್ಯಾಬಿನಲ್ಲಿ ಮೂವತ್ತಾರು ಮೆಷಿನ್. ಆ ವರ್ಷ ಎಲ್ಲೆಡೆ ಹಬ್ಬಿದ್ದ ಒಂದು ವೈರಸ್ ನಮ್ಮಲ್ಲಿಗೂ ಬಂದಿತ್ತು. ಅದು ಕಡತ ಕದಿಯುವುದಿಲ್ಲ, ಅಳಿಸುವುದಿಲ್ಲ. ಪರದೆಯ ನಡುವೆ ಒಂದು ಚೌಕ ತೆರೆದು ‘ಅರವತ್ತು ಸೆಕೆಂಡಿನಲ್ಲಿ ಮುಚ್ಚುತ್ತೇನೆ’ ಎಂದು ಎಣಿಸತೊಡಗುತ್ತದೆ, ಹೇಳಿದಂತೆಯೇ ಮುಚ್ಚುತ್ತದೆ. ವಿದ್ಯಾರ್ಥಿಗಳು ಪ್ರೋಗ್ರಾಂ ಬರೆಯುವ ಮಧ್ಯೆ ‘ಅಯ್ಯೋ’ ಎಂಬ ಸದ್ದು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹರಿಯುತ್ತಿತ್ತು.

ಸೋಮವಾರ ವಿಶ್ವವಿದ್ಯಾಲಯದ ತಪಾಸಣೆ. ತೊಂದರೆಯಿಲ್ಲದೆ ನಡೆಯುವ ಮೂವತ್ತು ಮೆಷಿನ್ ತೋರಿಸದಿದ್ದರೆ ಅಂತಿಮ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯ ಕೇಂದ್ರ ತುಮಕೂರಿಗೆ ಹೋಗುತ್ತದೆ. ಗುರುವಾರ ಬೆಳಿಗ್ಗೆ ಹಂದನಕೆರೆ ಕಡೆಯ ಒಬ್ಬ ವಿದ್ಯಾರ್ಥಿನಿ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದಳು:

“ಸಾರ್, ಎಕ್ಸಾಮು ತುಮಕೂರಿಗೆ ಹಾಕ್ತಾರಂತೆ, ಹೌದಾ?”

“ಇನ್ನೂ ಇಲ್ಲ. ಯಾಕೆ?”

“ನಮ್ಮೂರ್ ಮೊದಲ್ನೇ ಬಸ್ಸೇ ಏಳಕ್ಕೆ ಸಾರ್. ತಿಪಟೂರಿಗಾದ್ರೆ ಬತ್ತೀನಿ. ತುಮಕೂರಲ್ಲಿ ಒಂಬತ್ತಕ್ಕೆ ಬ್ಯಾಚ್ ಅಂದ್ರೆ ಹೆಂಗೆ ಮುಟ್ಟಾದು? ಹಿಂದಿನ್ ದಿನವೇ ಹೋಗಿ ಉಳಕಳಕೆ ಮನೇಲಿ ಬುಡಲ್ಲ.”

ಅವಳೊಬ್ಬಳೇ ಅಲ್ಲ. ದಬ್ಬೇಘಟ್ಟದಿಂದ, ಹಾಲ್ಕುರಿಕೆಯಿಂದ ಬರುವ ಹುಡುಗಿಯರೂ ಇದ್ದರು. ಮೂರು ವರ್ಷ ಓದಿದವರು ಬಸ್ಸಿನ ವೇಳಾಪಟ್ಟಿಗೆ ಸೋಲುವುದು ಎಂಥ ನ್ಯಾಯ? “ಕೇಂದ್ರ ಇಲ್ಲೇ ಇರುತ್ತೆ” ಎಂದುಬಿಟ್ಟೆ. ಪುರಾವೆ ಇಲ್ಲದ ಪ್ರತಿಪಾದನೆ. ಸ್ಪರ್ಧೆಯಲ್ಲಾಗಿದ್ದರೆ ಅಂಕ ಕಳೆಯುತ್ತಿದ್ದರು.

ಕೆಲಸದ ವಿಧಾನ ಹೀಗಿತ್ತು. ಮೂವತ್ತಾರರ ಲೆಕ್ಕಕ್ಕೆ ಸೇರದ, ಸರ್ವರ್ ಎಂಬ ಇನ್ನೊಂದು ಮೆಷಿನ್ನಿನಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಮೂಲ ಕಡತಗಳನ್ನು ಇಡಬೇಕು. ಉಳಿದವನ್ನು ಆನ್ ಮಾಡಿ ಎಫ್ ಹನ್ನೆರಡು ಎಂಬ ಕೀ ಒತ್ತಿದರೆ ಅವು ಕೇಬಲ್ ಮೂಲಕ ಸರ್ವರನ್ನು ಹುಡುಕಿ, ತಮ್ಮ ಡಿಸ್ಕನ್ನು ಪೂರ್ತಿ ಅಳಿಸಿ, ಹೊಸದನ್ನು ಹಾಕಿಕೊಳ್ಳುತ್ತವೆ. ನಡುವೆ ಬರುವ ಪ್ರಶ್ನೆಗಳಿಗೆ, ಅಂದರೆ ಹೆಸರೇನು, ಯಾವ ದೇಶದ ಸಮಯ, ಡಿಸ್ಕನ್ನು ಅಳಿಸಲೇ, ಬೇಡವೇ ಎಂಬುದಕ್ಕೆಲ್ಲ, ಉತ್ತರಗಳನ್ನು ಮೊದಲೇ ಒಂದು ಕಡತದಲ್ಲಿ ಬರೆದಿಡಬೇಕು. ಪ್ರಶ್ನೆ ಬರುವ ಮೊದಲೇ ಉತ್ತರ ಕೊಟ್ಟಿರುವ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ವಿದ್ಯಾರ್ಥಿಗಳ ಪ್ರೋಗ್ರಾಂಗಳನ್ನೆಲ್ಲ ಸರ್ವರಿನ ಇನ್ನೊಂದು ಡಿಸ್ಕಿಗೆ ನಕಲು ಮಾಡಿ ಗುರುವಾರ ಮಧ್ಯಾಹ್ನ ಮೂರು ಮೆಷಿನ್ನುಗಳ ಮೇಲೆ ಪ್ರಯೋಗ ಶುರು ಮಾಡಿದೆ.

ಮುಕ್ಕಾಲು ಗಂಟೆಯಲ್ಲಿ ಮೂರೂ ಹೊಸದಾಗಿ ಎದ್ದವು. ಎದ್ದ ಆರನೇ ನಿಮಿಷಕ್ಕೆ ಮೂರೂ ಅರವತ್ತರಿಂದ ಹಿಂದಕ್ಕೆ ಎಣಿಸತೊಡಗಿದವು.

ವೈರಸ್ ಹೊಕ್ಕುವ ಕಿಂಡಿಯನ್ನು ಮುಚ್ಚಲು ತಯಾರಕರು ಪ್ಯಾಚ್, ಅಂದರೆ ತೇಪೆ, ಕೊಟ್ಟಿದ್ದರು. ಆದರೆ ಅದನ್ನು ಹಾಕಬೇಕಾದರೆ ಮೆಷಿನ್ ಮೊದಲು ಎದ್ದಿರಬೇಕು. ಎದ್ದ ಮೆಷಿನ್ ಕೇಬಲ್ಲಿಗೆ ಅಂಟಿಕೊಂಡಿದೆ. ಅದೇ ಕೇಬಲ್ಲಿನ ಇನ್ನೊಂದು ತುದಿಯಲ್ಲಿ ರೋಗ ಇದೆ. ಯಾರ ಮೆಷಿನ್? ಒಂದೊಂದೇ ಕೇಬಲ್ ಕಿತ್ತು ನೋಡುತ್ತಾ ಹೋದೆ. ಕೊನೆಗೆ ಉಳಿದದ್ದು ಪ್ರಿನ್ಸಿಪಾಲರ ಕೊಠಡಿಯದು.

“ನನ್ ಕಂಪ್ಯೂಟರಿಗೆ ಏನೂ ಆಗಿಲ್ಲ ಕಣಯ್ಯ. ಚೆನ್ನಾಗೇ ಓಡ್ತಿದೆ” ಎಂದರು ಪ್ರಿನ್ಸಿಪಾಲರು.

“ಸರ್, ಅದು ಬೇರೆಯವಕ್ಕೆ ಹರಡ್ತಿದೆ. ತಾನು ಚೆನ್ನಾಗಿರೋದು ಹರಡ್ತಿಲ್ಲ ಅನ್ನೋದಕ್ಕೆ ಸಾಕ್ಷಿ ಅಲ್ಲ.”

“ಏನು, ನನ್ನೇ ರೋಗಿ ಅಂತೀಯಾ?”

“ತಮ್ಮನ್ನಲ್ಲ ಸರ್. ತಮ್ಮ ಕೇಬಲ್ಲನ್ನ.”

ಕಾಲು ಗಂಟೆ ವಾದ ನಡೆಯಿತು. ಗೆದ್ದೆ. ಕೇಬಲ್ ಕಿತ್ತೆ. ಆದರೆ ಗೆದ್ದ ಖುಷಿ ಶುಕ್ರವಾರ ಮಧ್ಯಾಹ್ನದವರೆಗೂ ಉಳಿಯಲಿಲ್ಲ.

ಶುಕ್ರವಾರ ಪ್ಯಾಚುಗಳ ಪಟ್ಟಿ ಮಾಡಿದೆ. ಒಟ್ಟು ಮೂವತ್ತೊಂದು. ಟೆಲಿಫೋನ್ ಲೈನಿನ ಇಂಟರ್ನೆಟ್ಟಿನಲ್ಲಿ, ಚೂರುಚೂರಾಗಿ ವಾರಗಟ್ಟಲೆ ಇಳಿಸಿಕೊಂಡಿದ್ದವು. ಒಂದು ಬ್ಯಾಚ್ ಫೈಲಿನಲ್ಲಿ ಮೂವತ್ತೊಂದನ್ನೂ ಸಾಲಾಗಿ ಬರೆದು, ಮೆಷಿನ್ ಎದ್ದಾಗಲೆಲ್ಲ ಆ ಫೈಲ್ ಓಡುವಂತೆ ಮಾಡಿದೆ. ಪಟ್ಟಿಯ ಕೊನೆಯ ಸಾಲು ತನ್ನನ್ನು ತಾನೇ ಅಳಿಸಿಕೊಳ್ಳುವುದು. ಎಲ್ಲ ಮುಗಿದ ಮೇಲೆ ಪಟ್ಟಿ ಮಾಯವಾಗಬೇಕು. ಪ್ರತಿ ಪ್ಯಾಚಿನ ಮುಂದೆಯೂ ‘ಏನೂ ಕೇಳಬೇಡ, ರೀಸ್ಟಾರ್ಟ್ ಮಾಡಬೇಡ’ ಎಂಬ ಸೂಚನೆ ಸೇರಿಸಿದೆ.

ನನಗೆ ಜೊತೆ ಲ್ಯಾಬಿನ ಅಟೆಂಡರ್. ಐವತ್ತು ದಾಟಿದವರು, ಹಾಲ್ಕುರಿಕೆಯ ಹತ್ತಿರ ತೋಟ ಇರುವವರು. ಬೆಳಿಗ್ಗೆ ತೋಟಕ್ಕೆ ನೀರು ಹಾಯಿಸಿ ಆಮೇಲೆ ಕಾಲೇಜಿಗೆ ಬರುವರು. ಅವರಿಗೆ ಮೆಷಿನ್ ಆನ್ ಮಾಡಿ ಎಫ್ ಹನ್ನೆರಡು ಒತ್ತುವುದನ್ನು ಹೇಳಿಕೊಟ್ಟಿದ್ದೆ.

“ಸಾ, ಬುಡ್ಲಾ?” ಎನ್ನುವರು, ಬೆರಳನ್ನು ಕೀ ಮೇಲೆ ಹಿಡಿದು.

“ಬುಡಿ ಅಣ್ಣ” ಎನ್ನುವೆ. ಒತ್ತುವರು. ಮೋಟ್ರು ಬುಡೋದು, ನೀರು ಬುಡೋದು, ಬಸ್ಸು ಬುಡೋದು, ಹಾಗೇ ಮೆಷಿನ್ನು ಬುಡೋದು. ಶುಕ್ರವಾರವೆಲ್ಲ ಈ ಮಾತು ನಮ್ಮಿಬ್ಬರ ನಡುವೆ ಸಲೀಸಾಗಿ ಓಡಾಡಿತು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳಲಿಲ್ಲ.

ಪಟ್ಟಿಯ ಹದಿನಾಲ್ಕನೆಯ ಪ್ಯಾಚ್ ಹಳೆಯದು. ಹೊಸ ಪ್ಯಾಚುಗಳಿಗೆ ತಿಳಿಯುವ ಸೂಚನೆ ಅದಕ್ಕೆ ತಿಳಿಯುವುದಿಲ್ಲ. ಅದರ ಭಾಷೆಯೇ ಬೇರೆ. ಹದಿಮೂರು ಪ್ಯಾಚ್ ಮೌನವಾಗಿ ಕೂತುಕೊಂಡವು, ಹದಿನಾಲ್ಕನೆಯದು ನನ್ನ ಸೂಚನೆಯನ್ನು ಕಡೆಗಣಿಸಿ ಮೆಷಿನ್ನನ್ನು ರೀಸ್ಟಾರ್ಟ್ ಮಾಡಿತು. ಎದ್ದ ಮೆಷಿನ್ ಪಟ್ಟಿಯನ್ನು ಮತ್ತೆ ಒಂದರಿಂದ ಶುರು ಮಾಡಿತು. ಹದಿನಾಲ್ಕು, ರೀಸ್ಟಾರ್ಟ್. ಒಂದು. ಹದಿನಾಲ್ಕು, ರೀಸ್ಟಾರ್ಟ್. ಕೊನೆಯ ಸಾಲನ್ನು ಮುಟ್ಟುವುದೇ ಇಲ್ಲ, ಪಟ್ಟಿ ಅಳಿಯುವುದೇ ಇಲ್ಲ.

“ಗಾಣದ್ ಎತ್ತು ಸುತ್ತಿದಂಗೆ ಸುತ್ತುತ್ತಾ ಐತಲ್ಲ ಸಾ” ಎಂದರು ಅಟೆಂಡರ್. “ಅಷ್ಟೊಂದ್ ತ್ಯಾಪೆ ಹಾಕ್ದ ಮೇಲೆ ಅದು ಹೊಸ ಬಟ್ಟೆ ಹೆಂಗಾಯ್ತದೆ?”

ಆ ಮಾತು ರೇಗಿಸಿತು. ಆಗ ನೆನಪಾದದ್ದು ಸರ್ವಿಸ್ ಪ್ಯಾಕ್. ಅಲ್ಲಿಯವರೆಗಿನ ಹಲವು ಪ್ಯಾಚುಗಳನ್ನು ಒಟ್ಟಿಗೆ ಕಟ್ಟಿದ ದೊಡ್ಡ ಗಂಟು ಅದು. ನಮ್ಮ ಫೋನ್ ಲೈನಿನಲ್ಲಿ ಅದನ್ನು ಇಳಿಸಲು ಹೊರಟರೆ ಪರೀಕ್ಷೆ ಮುಗಿದು ಫಲಿತಾಂಶವೂ ಬಂದಿರುತ್ತಿತ್ತು. ತುರುವೇಕೆರೆಯ ಇನ್ನೊಂದು ಕಾಲೇಜಿನ ಲ್ಯಾಬಿನವರ ಹತ್ತಿರ ಸಿ.ಡಿ. ಇದೆಯೆಂದು ಫೋನಿನಲ್ಲಿ ತಿಳಿಯಿತು. ಸುತ್ತುತ್ತಿದ್ದ ಮೂರು ಮೆಷಿನ್ನುಗಳನ್ನು ಆಫ್ ಮಾಡಿ, ಆ ಕೆಟ್ಟ ಪಟ್ಟಿಯನ್ನು ಸರ್ವರಿನಲ್ಲಿ ಹಾಗೇ ಬಿಟ್ಟು, ಶನಿವಾರ ಬೆಳಿಗ್ಗೆ ಬಸ್ ಹತ್ತಿದೆ.

ಸಿ.ಡಿ. ಸಿಕ್ಕಿತು. ವಾಪಸು ಬರುವ ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ. ಒಂದು ಕೈಯಲ್ಲಿ ಕಂಬಿ, ಸಿ.ಡಿ. ಬಾಗದಂತೆ ಎದೆಗೆ ಒತ್ತಿ ಹಿಡಿದ ಇನ್ನೊಂದು ಕೈ. ಆಗ ಫೋನ್ ಬಂತು. ಗಲ್ಲ, ಭುಜದ ನಡುವೆ ಅದನ್ನು ಸಿಕ್ಕಿಸಿಕೊಂಡೆ.

“ಸಾ, ಕರೆಂಟ್ ಬಂತು” ಅಟೆಂಡರ್ ದನಿ. “ಒಳ್ಳೇ ಓಲ್ಟೇಜ್ ಐತೆ. ಮಿಸನ್ನು ಎಲ್ಲಾನೂ ಬುಡ್ಲಾ?”

ಎಲ್ಲವನ್ನೂ? ಆ ಕೆಟ್ಟ ಪಟ್ಟಿಯ ಮೇಲೆ? ಈ ಮನುಷ್ಯನಿಗೆ ನಿನ್ನೆಯೆಲ್ಲ ನೋಡಿಯೂ ತಿಳಿಯಲಿಲ್ಲವೇ ಎಂದು ಸಿಟ್ಟು ಬಂತು.

“ಅಯ್ಯೋ, ಬುಡಣ್ಣ! ಬುಡು ಅತ್ಲಾಗೆ!” ಎಂದು ಕೂಗಿದೆ.

“ಆಯ್ತು ಸಾ.” ಫೋನ್ ಕಟ್ಟಾಯಿತು.

ಲ್ಯಾಬಿನ ಮೆಟ್ಟಿಲು ಹತ್ತುವಾಗಲೇ ಸದ್ದು ಕೇಳಿಸಿತು. ಮೆಷಿನ್ ಏಳುವಾಗ ಒಮ್ಮೆ ‘ಟೀಂಕ್’ ಎನ್ನುತ್ತದೆ. ಒಂದು ಟೀಂಕ್. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಎರಡು ಒಟ್ಟಿಗೆ. ಬಾಗಿಲು ತೆಗೆದರೆ ಮೂವತ್ತಾರು ಪರದೆಗಳೂ ಬೆಳಗುತ್ತಿದ್ದವು. ಕೆಲವು ಇನ್ನೂ ಅರ್ಧದಲ್ಲಿ ತೆವಳುತ್ತಿದ್ದವು. ಮುಗಿದವು ಒಂದರಿಂದ ಹದಿನಾಲ್ಕು, ಒಂದರಿಂದ ಹದಿನಾಲ್ಕು ಎಂದು ಸುತ್ತುತ್ತಿದ್ದವು. ಅಟೆಂಡರ್ ಕೈಕಟ್ಟಿ ನಿಂತಿದ್ದರು, ಕೆಲಸ ಮುಗಿಸಿದವರ ಹಾಗೆ.

“ಒಂದೂ ಬುಡದೆ ಎಲ್ಲಾನೂ ಒತ್ಕಂಡ್ ಬಂದೆ ಸಾ.”

“ಯಾರು ಹೇಳಿದ್ದು ನಿಮಗೆ!”

“ನೀವೇ ಅಂದ್ರಲ್ಲ ಸಾ. ಬುಡ್ಲಾ ಅಂದೆ. ಬುಡು ಅಂದ್ರಿ. ಅದೂ ಒಂದ್ಸಲ ಅಲ್ಲ, ಎರಡ್ ಸಲ.”

“ಬುಡು ಅತ್ಲಾಗೆ ಅಂದೆ! ಬುಡು ಅತ್ಲಾಗೆ ಅಂದ್ರೆ ಬೇಡ ಅಂತ ಅರ್ಥ ಅಲ್ವಾ?”

“ಬಸ್ನಾಗೆ ಗಲಾಟೆ ಇತ್ತು. ಅತ್ಲಾಗೆ ಕೇಳಿಸ್ಲಿಲ್ಲ, ಬುಡು ಕೇಳಿಸ್ತು.”

ಗದ್ದಲ ಕೇಳಿ ವಿಭಾಗದ ಮೇಡಂ ಬಂದರು. ಹಿಂದೆಯೇ ಪ್ರಿನ್ಸಿಪಾಲರು. ಮೇಡಂ ಮೂವತ್ತಾರು ಪರದೆಗಳನ್ನೂ ನೋಡಿ ಒಂದು ಕುರ್ಚಿ ಎಳೆದುಕೊಂಡು ಕೂತರು. ಅವರ ಲೆಕ್ಕಾಚಾರ ನನಗೆ ಗೊತ್ತಿತ್ತು: ಏನೂ ಕೈಗೂಡದಿದ್ದರೆ ಕೇಬಲ್ಲುಗಳನ್ನೆಲ್ಲ ಕಿತ್ತು, ಹಳೆಯ ಸಿಸ್ಟಮ್ಮಿನಲ್ಲೇ ಕುಂಟಿಸಿಕೊಂಡು ಪರೀಕ್ಷೆ ನಡೆಸುತ್ತೇವೆ ಎಂದು ತಪಾಸಣೆಗೆ ಬಂದವರನ್ನು ಕೇಳಿಕೊಳ್ಳುವುದು. ಈಗ ಆ ಹಳೆಯದೂ ಇಲ್ಲ. ‘ಅಳಿಸಲೇ’ ಎಂಬ ಪ್ರಶ್ನೆಗೆ ‘ಅಳಿಸು’ ಎಂದು ನಾನೇ ಮೊದಲೇ ಬರೆದಿಟ್ಟಿದ್ದೆನಲ್ಲ.

ನಾನು ವಾದ ಮಂಡಿಸಿದೆ. ಒಂದು, ಬುಡು ಎಂಬುದು ನಿಷೇಧಾರ್ಥದಲ್ಲಿ ರೂಢಿಯಲ್ಲಿದೆ. ಎರಡು, ನನ್ನ ದನಿಯಲ್ಲಿ ಸಿಟ್ಟಿತ್ತು. ಒಪ್ಪಿಗೆ ಕೊಡುವವರು ಸಿಟ್ಟಿನಲ್ಲಿ ಕೊಡುವುದಿಲ್ಲ. ಮೂರು, ಪಟ್ಟಿ ಕೆಟ್ಟಿದೆಯೆಂಬುದನ್ನು ಅಟೆಂಡರ್ ಕಣ್ಣಾರೆ ಕಂಡಿದ್ದರು. ಪ್ರಿನ್ಸಿಪಾಲರು ತಲೆಯಾಡಿಸತೊಡಗಿದ್ದರು. ಗೆಲ್ಲುತ್ತಿದ್ದೆ. ಹಿಂದಿನಿಂದ ಒಂದು ಮೆಷಿನ್ ‘ಟೀಂಕ್’ ಎಂದಿತು.

“ಮುಗೀತಾ?” ಎಂದರು ಮೇಡಂ. ನಾನು ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದವರೇ ಅವರು. “ಒಂದು ಕೇಳ್ತೀನಿ. ಚರ್ಚೆ ಶುರುವಾಗೋ ಮೊದಲು ಪದದ ಅರ್ಥ ಕಟ್ಟೋದು ಯಾರ ಕೆಲಸ?”

“ಮೊದಲು ಮಾತಾಡೋರದು.”

“ನಿನ್ನೆ ಬುಡು ಅಂದ್ರೆ ಏನಾಗಿತ್ತು?”



“ಒತ್ತು ಅಂತ ಆಗಿತ್ತು ಮೇಡಂ” ಎಂದರು ಅಟೆಂಡರ್. ಅವರ ದನಿಯಲ್ಲಿ ದೂರು ಇರಲಿಲ್ಲ. ಅದು ಇನ್ನೂ ಚುಚ್ಚಿತು.

“ನೀನು ಅರ್ಥ ಬದಲಾಯಿಸ್ದೆ, ಎದುರಿನವರಿಗೆ ಹೇಳಲಿಲ್ಲ” ಎಂದರು ಮೇಡಂ. “ಅದು ಸೋಲು ಕಣೋ. ಈಗ ಹೇಳು, ಸೋಮವಾರಕ್ಕೆ ಏನ್ ಮಾಡೋಣ?”

ಮೂವತ್ತಾರನ್ನೂ ಆಫ್ ಮಾಡಿಸಿದೆ. ಮೊದಲ ಕೆಲಸ ಅದೇ. ಆಮೇಲೆ ಮೇಡಂ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಎದುರುಪಕ್ಷ ವಹಿಸಿದರು. ಸಿ.ಡಿ.ಯಲ್ಲಿ ಅದರೊಳಗೆ ಏನೇನಿದೆ ಎಂಬ ಒಂದು ಬರಹ ಇತ್ತು. ಒಂದೊಂದೇ ಪ್ಯಾಚಿನ ಸಂಖ್ಯೆ ಓದಿ ಹೊಂದಿಸುತ್ತಾ ಹೋದೆವು. ಮೂವತ್ತೊಂದರಲ್ಲಿ ಇಪ್ಪತ್ತೆರಡು ಸರ್ವಿಸ್ ಪ್ಯಾಕಿನ ಹೊಟ್ಟೆಯಲ್ಲೇ ಇದ್ದವು; ಆ ಶನಿ ಹದಿನಾಲ್ಕನೆಯದೂ ಸೇರಿ. ವಾರಗಟ್ಟಲೆ ಇಳಿಸಿದ್ದು ವ್ಯರ್ಥ. ಉಳಿದದ್ದು ಒಂಬತ್ತು.

“ಇದು ಇಲ್ದಿದ್ರೆ ಸೋಮವಾರ ಏನ್ ಮುರಿಯುತ್ತೆ?” ಎಂದು ಪ್ರತಿಯೊಂದಕ್ಕೂ ಕೇಳಿದರು ಮೇಡಂ.

“ಹಾಡು ಕೇಳೋ ಸಾಫ್ಟ್‌ವೇರಿನಲ್ಲಿ ಒಂದು ದೋಷ...”

“ಲ್ಯಾಬಲ್ಲಿ ಹಾಡು ಕೇಳ್ತಾರಾ?”

“ಇಲ್ಲ.”

“ಕಾಟು ಹೊಡಿ.”

“ಆದ್ರೆ ಮೇಡಂ, ಎಲ್ಲ ಪ್ಯಾಚೂ ಇರಬೇಕು ಅನ್ನೋದು ತತ್ವ.”

“ತತ್ವ ಮಂಗಳವಾರ ನೋಡ್ಕೊಳ್ಳೋಣ.”

ಒಂಬತ್ತರಲ್ಲಿ ಮೂರು ಉಳಿದವು. ನನಗೆ ಒಪ್ಪಿಗೆಯಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಆದರೆ ಅವತ್ತಿನ ನಿರ್ಧಾರ ಅದೇ: ಮೆಷಿನ್ ಎದ್ದ ಮೇಲೆ ಪ್ಯಾಚ್ ಹಾಕುವುದು ಬೇಡ, ಏಳುವ ಮೊದಲೇ ಹಾಕಿರಬೇಕು. ಸರ್ವಿಸ್ ಪ್ಯಾಕನ್ನು ಸರ್ವರಿನಲ್ಲಿದ್ದ ಮೂಲ ಕಡತಗಳೊಳಗೇ ಬೆರೆಸಿದೆ. ಹಾಗೆ ಮಾಡಿದರೆ ಮೆಷಿನ್ ಹುಟ್ಟುವಾಗಲೇ ಕಿಂಡಿ ಮುಚ್ಚಿಕೊಂಡು ಹುಟ್ಟುತ್ತದೆ. ಮಿಕ್ಕ ಮೂರನ್ನು ಹೊಸ ಪಟ್ಟಿಯಲ್ಲಿ ಬರೆದು, ಪ್ರತಿಯೊಂದರ ಸೂಚನೆಯನ್ನೂ ಕೈಯಾರೆ ಓಡಿಸಿ ಪರೀಕ್ಷಿಸಿದೆ. ಹೊರಗಿನ ಫೋನ್ ಲೈನನ್ನು ಕಿತ್ತು ಡ್ರಾಯರಿನಲ್ಲಿ ಇಟ್ಟೆ. ಸಂಜೆ ಒಂದೇ ಒಂದು ಮೆಷಿನ್ ಮೇಲೆ ಪ್ರಯೋಗ. ಅರ್ಧ ಗಂಟೆ ಕಾದೆವು. ಎಣಿಕೆಯ ಚೌಕ ಬರಲಿಲ್ಲ.

ಹೊರಡುವ ಮುನ್ನ ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದೆ:

ಒತ್ತು = ಎಫ್ ಹನ್ನೆರಡು ಒತ್ತುವುದು.
ಮುಟ್ಬೇಡ = ಯಾವುದನ್ನೂ ಮುಟ್ಟದೆ ಇರುವುದು.

“ಬುಡು ಅಂತ ಇನ್ಮೇಲೆ ಇಬ್ರೂ ಅನ್ನಂಗಿಲ್ಲ ಅಣ್ಣ.”

“ಆಯ್ತು ಬುಡಿ ಸಾ” ಎಂದು ನಾಲಿಗೆ ಕಚ್ಚಿಕೊಂಡರು.

ಭಾನುವಾರ ಕರೆಂಟ್ ಒಂಬತ್ತರಿಂದ ಹನ್ನೆರಡು, ಮೂರರಿಂದ ಆರು. ಈ ಮಾಹಿತಿ ಅಟೆಂಡರ್ ಕೊಟ್ಟದ್ದು. ಮೋಟ್ರಿಗಾಗಿ ಅವರಿಗೆ ಇದೆಲ್ಲ ಬಾಯಿಪಾಠ. ನಾನು ಮೂವತ್ತಾರನ್ನೂ ಒಟ್ಟಿಗೆ ಶುರು ಮಾಡುವ ಯೋಚನೆಯಲ್ಲಿದ್ದೆ.

“ಬ್ಯಾಡಿ ಸಾ” ಎಂದರು. “ನಿನ್ನೆ ನೋಡಿದ್ನಲ್ಲ. ಒಂದೇ ಸಲ ಒತ್ತಿದ್ಕೆ ಯಾವ್ದೂ ಬೇಗ ಮುಂದಕ್ಕೆ ಹೋಗ್ಲಿಲ್ಲ. ತೋಟಕ್ಕೆ ಎಲ್ಲಾ ಸಾಲಿಗೂ ಒಟ್ಟಿಗೆ ನೀರು ತಿರುಗ್ಸಿದ್ರೆ ಕೊನೇ ಮರಕ್ಕೆ ಹನಿನೂ ಹೋಗಕಿಲ್ಲ. ಒಂದ್ ಸಾಲು ಕುಡೀಲಿ, ಮಡೆ ಕಟ್ಟಿ ಇನ್ನೊಂದ್ ಸಾಲಿಗೆ ತಿರುಗ್ಸಾದು.”

ಆಕ್ಷೇಪಣೆ ಹುಡುಕಿದೆ. ಸಿಗಲಿಲ್ಲ. ಸರ್ವರ್ ಒಂದು, ಕೇಬಲ್ಲುಗಳನ್ನೆಲ್ಲ ಕೂಡಿಸುವ ಹಬ್ ಎಂಬ ಪೆಟ್ಟಿಗೆ ಹಳೆಯದು. ಮೂವತ್ತಾರು ಒಟ್ಟಿಗೆ ಎಳೆದರೆ ಯಾವುದಕ್ಕೂ ಸಾಕಾಗುವುದಿಲ್ಲ. ಸಾಲಿಗೆ ಆರು ಮೆಷಿನ್, ಆರು ಸಾಲು.

“ಒತ್ತಿ” ಎಂದೆ. ಒತ್ತಿದರು. ಐವತ್ತೆಂಟು ನಿಮಿಷಕ್ಕೆ ಮೊದಲ ಸಾಲು ಎದ್ದಿತು. ಎರಡನೆಯ ಸಾಲು. ಮೂರನೆಯ ಸಾಲು ಕರೆಂಟ್ ಹೋಗುವುದಕ್ಕೆ ಎರಡೇ ನಿಮಿಷ ಮುಂಚೆ ಮುಗಿಯಿತು. ಮಧ್ಯಾಹ್ನ ಮೂರೂ ಕಾಲು ಆದರೂ ಕರೆಂಟ್ ಬರಲಿಲ್ಲ. ನಾನು ಹೊರಗೆ ಒಳಗೆ ಓಡಾಡಿದೆ. ಅಟೆಂಡರ್ ಬಾಗಿಲ ಬಳಿ ಕೂತು ಎಲೆಅಡಿಕೆ ಹಾಕಿಕೊಂಡರು. “ನೀವ್ ತಿರುಗಾಡಿದ್ರೆ ಬತ್ತದಾ ಸಾ?” ಎಂದರು. ಮೂರೂ ಇಪ್ಪತ್ತಕ್ಕೆ ಬಂತು. ನಾಲ್ಕನೆಯ ಸಾಲು. ಐದನೆಯದರಲ್ಲಿ ಒಂದು ಮೆಷಿನ್ ಮಧ್ಯದಲ್ಲಿ ನಿಂತು, ಅದನ್ನು ಮೊದಲಿನಿಂದ ಶುರು ಮಾಡಬೇಕಾಯಿತು. ಅದು ಎದ್ದು ಹತ್ತು ನಿಮಿಷಕ್ಕೆ, ಆರಕ್ಕೆ ಸರಿಯಾಗಿ, ಕತ್ತಲಾಯಿತು.

ಮೂವತ್ತು. ಒಂದೂ ಹೆಚ್ಚಿಲ್ಲ. ಆರನೆಯ ಸಾಲಿನ ಮೇಲೆ ಬಟ್ಟೆ ಹೊದಿಸಿದೆವು.

ಸೋಮವಾರ ತಪಾಸಣೆಗೆ ಬಂದವರು ಗಂಭೀರ ಮುಖದ ಒಬ್ಬ ಹಿರಿಯ ಅಧ್ಯಾಪಕರು. ಪ್ರತಿ ಸಾಲಿನಲ್ಲೂ ನಿಂತು ಪರದೆಗಳನ್ನು ಎಣಿಸಿದರು. ನಾನು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದೆ: ಆರು ಪ್ಯಾಚ್ ಯಾಕೆ ಬಿಟ್ಟೆವು, ಹೊರಗಿನ ಲೈನ್ ಯಾಕೆ ಕಿತ್ತೆವು, ತತ್ವ ಏನು, ವಿನಾಯಿತಿ ಏನು. ನಾಲ್ಕನೆಯ ಸಾಲಿನಲ್ಲಿ ಅವರು ಕೂತರು. ಕೂತ ತಕ್ಷಣ ಪರದೆಯ ಮೂಲೆಯಲ್ಲಿ ಹಳದಿ ಬಲೂನೊಂದು ತೇಲಿಬಂತು: ನಿಮ್ಮ ಕಂಪ್ಯೂಟರ್ ಅಪಾಯದಲ್ಲಿರಬಹುದು. ತಾನಾಗೇ ಆಗುವ ಅಪ್‌ಡೇಟನ್ನು ನಾನು ನಿಲ್ಲಿಸಿದ್ದಕ್ಕೆ ಆ ಸಿಸ್ಟಮ್ ಕೊಡುತ್ತಿದ್ದ ದೂರು.

“ಏನ್ರೀ ಇದು? ಅಪಾಯ ಅಂತಿದೆ?” ಎಂದು ಅವರು ಮೌಸನ್ನು ಅತ್ತ ಸರಿಸಿದರು.

ನಾನು ಗಂಟಲು ಸರಿಮಾಡಿಕೊಂಡೆ. “ಸರ್, ಇಲ್ಲಿ ಮೊದಲನೆಯದಾಗಿ...”

“ಮುಟ್ಬೇಡಿ ಸಾ” ಎಂದರು ಅಟೆಂಡರ್.

ಮೌಸ್ ನಿಂತಿತು. ಪ್ರಿನ್ಸಿಪಾಲರ ಮುಖ ಬಿಳುಚಿತು. ವಿಶ್ವವಿದ್ಯಾಲಯದವರಿಗೆ ನಮ್ಮ ಅಟೆಂಡರ್ ಆಜ್ಞೆ ಮಾಡಿದ್ದರು.

“ಯಾಕ್ರೀ ಮುಟ್ಬಾರ್ದು?”

ಅಟೆಂಡರ್ ಕಪ್ಪುಹಲಗೆ ತೋರಿಸಿದರು. “ಅಲ್ಲೇ ಬರ್ದೈತಲ್ಲ ಸಾ.”

ಅವರು ಕನ್ನಡಕ ಮೇಲಕ್ಕೇರಿಸಿ ಎರಡೂ ಸಾಲುಗಳನ್ನು ಓದಿದರು. ಇನ್ನೊಮ್ಮೆ ಓದಿದರು. ಮೌಸಿನಿಂದ ಕೈ ತೆಗೆದರು. “ಇದು ಒಳ್ಳೇದು ಕಣ್ರೀ” ಎಂದರು ಪ್ರಿನ್ಸಿಪಾಲರಿಗೆ. “ಹುಡುಗ್ರು ಕಂಡಿದ್ದೆಲ್ಲ ಒತ್ತಿ ಹಾಳ್ಮಾಡ್ತಾರೆ. ಎಲ್ಲಾ ಲ್ಯಾಬಲ್ಲೂ ಹೀಗೆ ಬರೆಸ್ಬೇಕು.” ಆಮೇಲೆ ಸಹಿ ಹಾಕಿದರು.

ನನ್ನ ಒಂದು ಉತ್ತರವನ್ನೂ ಯಾರೂ ಕೇಳಲಿಲ್ಲ. ಆರು ಪ್ಯಾಚುಗಳ ಬಗ್ಗೆ ನಾನು ಕಟ್ಟಿದ್ದ ವಾದ ಇವತ್ತಿಗೂ ಮಂಡನೆಯಾಗದೆ ಉಳಿದಿದೆ. ಆರನೆಯ ಸಾಲಿನ ಬಟ್ಟೆಯನ್ನೂ ಯಾರೂ ಎತ್ತಿ ನೋಡಲಿಲ್ಲ. ಹಂದನಕೆರೆಯ ಹುಡುಗಿ ಮಧ್ಯಾಹ್ನ ಬಂದು “ಎಲ್ಲಿ ಸಾರ್?” ಎಂದಳು. “ಇಲ್ಲೇ” ಎಂದೆ. ಅವಳು ಮೊದಲೇ ಗೊತ್ತಿದ್ದವಳ ಹಾಗೆ, “ನೀವು ಅವತ್ತೇ ಹೇಳಿದ್ರಲ್ಲ” ಎಂದು ಹೊರಟುಹೋದಳು.

ಸಂಜೆ ಮೆಷಿನ್ನುಗಳನ್ನೆಲ್ಲ ಆಫ್ ಮಾಡಿ ಮೆಟ್ಟಿಲಿಳಿಯುತ್ತಿದ್ದೆ. ಮೇಲಿನಿಂದ ಅಟೆಂಡರ್ ಬೀಗದಕೈ ಗೊಂಚಲು ಅಲ್ಲಾಡಿಸಿದರು.

“ಸಾ, ಲ್ಯಾಬಿಗೆ ಬೀಗ ಹಾಕ್ಲಾ, ಬುಡ್ಲಾ?”

ಬಾಯಿ ತೆರೆದವನು ಮುಚ್ಚಿಕೊಂಡೆ. ಮೂರು ಮೆಟ್ಟಿಲು ಮೇಲೆ ಹತ್ತಿ ಹೋಗಿ, ಅವರ ಕೈಯಿಂದ ಬೀಗ ತೆಗೆದುಕೊಂಡು, ನಾನೇ ಹಾಕಿ ಎಳೆದು ನೋಡಿದೆ.